ಒನ್ ಟು ಒನ್ ಮೀಟಿಂಗ್: ಯಾರ ಜೊತೆ, ಎಲ್ಲಿ, ಎಷ್ಟು ದಿನಕ್ಕೊಮ್ಮೆ?

ಹುಬ್ಬಳ್ಳಿಯ ಯಾವುದೇ ಆಫೀಸಿನಲ್ಲಿ "ಸಾಹೇಬ್ರು ಕರಿಯಾಕತ್ತಾರ" ಅಂದರೆ ಎದೆ ಧಸಕ್ ಅನ್ನುತ್ತದೆ. ಏನೋ ತಪ್ಪಾಗಿರಬೇಕು. ಇಲ್ಲಾ ಯಾರೋ ಚಾಡಿ ಹೇಳಿರಬೇಕು. ಇಲ್ಲಾ ಭಾನುವಾರವೂ ಕೆಲಸಕ್ಕೆ ಬಾ ಅನ್ನಬೇಕು. ಕ್ಯಾಬಿನ್‌ಗೆ ಕರೆಯುವುದಕ್ಕೆ ಇಷ್ಟೇ ಕಾರಣ ಇರುವ ಕಡೆ, ಮ್ಯಾನೇಜರ್ ಒಂದು ದಿನ "ಇನ್ಮೇಲೆ ಎಲ್ಲರ ಜೊತೆ ಒನ್ ಟು ಒನ್ ಮಾಡೋಣ, ಒಬ್ಬೊಬ್ಬರ ಜೊತೆ ಬೇರೆ ಬೇರೆ ಕೂತು ಮಾತಾಡೋಣ" ಅಂದರೆ ಮೊದಲ ಕೆಲವು ಸಲ ಸಿಗುವ ಉತ್ತರ ಒಂದೇ: "ಎಲ್ಲಾ ಚಲೋ ಐತ್ರಿ ಸರ."

ಅದನ್ನು ಕೇಳಿ ಬಹಳ ಮ್ಯಾನೇಜರ್‌ಗಳು ಕೈಬಿಡುತ್ತಾರೆ. ನಮ್ಮ ಕಡೆ ಇದೆಲ್ಲಾ ನಡೆಯುವುದಿಲ್ಲ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ನಡೆಯುತ್ತದೆ, ಆದರೆ ಗೋಕುಲ ರೋಡಿನ ಸಾಫ್ಟ್‌ವೇರ್ ಆಫೀಸಿಗೆ ಹೊಂದುವ ರೀತಿ ತಾರಿಹಾಳದ ಫ್ಯಾಕ್ಟರಿಗೆ ಹೊಂದುವುದಿಲ್ಲ. ಗದಗಿನ ಪ್ರಿಂಟಿಂಗ್ ಪ್ರೆಸ್‌ಗೆ ಹೊಂದುವುದು ಬ್ಯಾಡಗಿಯ ದಲಾಲಿ ಅಂಗಡಿಗೆ ಹೊಂದುವುದಿಲ್ಲ. ಒಂದೇ ಆಫೀಸಿನಲ್ಲೂ ಹೊಸ ಹುಡುಗಿಗೆ ಬೇಕಾದದ್ದು ಒಂದು, 20 ವರ್ಷದಿಂದ ಅಲ್ಲೇ ಇರುವ ಕಾಕಾಗೆ ಬೇಕಾದದ್ದು ಇನ್ನೊಂದು. ಹಾಗಾಗಿ ಆಯ್ಕೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಬೇಕು.

ನೋಡುವುದಕ್ಕೆ ಅಳತೆ ಒಂದು ಬೇಕಲ್ವಾ? ನಾನು ಬಳಸುವ ಅಳತೆ ಇದು: ಈ ರೀತಿ ಮಾಡಿದರೆ ಎದುರು ಕೂತವರು ಕೆಟ್ಟ ಸುದ್ದಿಯನ್ನು ಬೇಗ ಹೇಳುತ್ತಾರಾ? ಒಳ್ಳೆಯ ಸುದ್ದಿ ತಾನಾಗಿಯೇ ಬರುತ್ತದೆ, ಅದಕ್ಕೆ ಮೀಟಿಂಗ್ ಬೇಕಿಲ್ಲ. ಮಷೀನ್ ಸದ್ದು ಬದಲಾಗಿದೆ, ಹಳೇ ಗಿರಾಕಿ ಮುನಿಸಿಕೊಂಡಿದ್ದಾರೆ, ಪಕ್ಕದ ಸೀಟಿನವನು ಬೇರೆ ಕಡೆ ಇಂಟರ್‌ವ್ಯೂ ಕೊಟ್ಟು ಬಂದಿದ್ದಾನೆ. ಇವೆಲ್ಲಾ ಕೆಲಸ ಮಾಡುವವರಿಗೆ ಮೊದಲೇ ಗೊತ್ತಿರುತ್ತವೆ. ಮ್ಯಾನೇಜರ್‌ಗೆ ಗೊತ್ತಾಗುವುದು ಎಲ್ಲರಿಗಿಂತ ಕೊನೆಗೆ. ಆ ನಡುವಿನ ದಿನಗಳನ್ನು ಕಡಿಮೆ ಮಾಡುವುದಕ್ಕೇ ಈ ಮೀಟಿಂಗ್. ಯಾವ ಆರ್ಡರ್ ಎಲ್ಲಿಗೆ ಬಂತು ಅನ್ನುವ ವರದಿಗೆ ವಾಟ್ಸ್ಆ್ಯಪ್ ಗ್ರೂಪ್ ಸಾಕು, ಬೆಳಗಿನ ಹತ್ತು ನಿಮಿಷದ ನಿಂತ ಮೀಟಿಂಗ್ ಸಾಕು. ಅದನ್ನೇ ಇಲ್ಲಿಗೂ ತಂದರೆ ಅರ್ಧ ಗಂಟೆ ಅದರಲ್ಲೇ ಮುಗಿದುಹೋಗುತ್ತದೆ.

ವಾರಕ್ಕೊಮ್ಮೆಯಾ, ತಿಂಗಳಿಗೊಮ್ಮೆಯಾ, "ಯಾವಾಗ ಬೇಕಾದ್ರೂ ಬರ್ರಿ"ಯಾ?

ಕೊನೆಯದರಿಂದ ಶುರು ಮಾಡುತ್ತೇನೆ, ಯಾಕೆಂದರೆ ನಮ್ಮ ಕಡೆ ಜಾಸ್ತಿ ಇರುವುದು ಅದೇ. "ನನ್ನ ಬಾಗಿಲು ಯಾವಾಗ್ಲೂ ತೆರದೇ ಇರ್ತದ, ಏನಿದ್ರೂ ಬಂದು ಹೇಳ್ರಿ." ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆ ಬಾಗಿಲಲ್ಲಿ ಬರುವವರು ಯಾರು? ಮೊದಲೇ ಧೈರ್ಯ ಇರುವವರು, ಸಾಹೇಬರ ಜೊತೆ ಸಲಿಗೆ ಇರುವವರು. ನಿಜವಾಗಿ ತೊಂದರೆಯಲ್ಲಿ ಇರುವವರು ಬರುವುದಿಲ್ಲ. ಇನ್ನೊಂದು ವಿಷಯವೂ ಇದೆ. ಯಾರು ಒಳಗೆ ಹೋದರು, ಎಷ್ಟು ಹೊತ್ತು ಕೂತರು ಅನ್ನುವುದನ್ನು ಇಡೀ ಆಫೀಸು ನೋಡುತ್ತದೆ. ಹೊರಗೆ ಬಂದ ಕೂಡಲೇ "ಏನಂದ್ರು?" ಅನ್ನುತ್ತಾರೆ. ಎಲ್ಲರಿಗೂ ಸರದಿ ಇದ್ದರೆ ಈ ಮುಜುಗರ ಹೋಗುತ್ತದೆ. ಇವತ್ತು ಅವನದು, ನಾಳೆ ಇವಳದು. ಯಾರ ಮೇಲೂ ಅನುಮಾನ ಬರುವುದಿಲ್ಲ. ಬಾಗಿಲು ತೆರೆದಿರಲಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ತಿಂಗಳಿಗೊಮ್ಮೆ ಒಂದು ಗಂಟೆ ಅನ್ನುವುದು ಕೇಳುವುದಕ್ಕೆ ಚೆನ್ನಾಗಿದೆ. ಕಷ್ಟ ಏನೆಂದರೆ ಮೂರು ವಾರದ ಹಿಂದಿನ ನೋವು ಆ ಹೊತ್ತಿಗೆ ತಣ್ಣಗಾಗಿರುತ್ತದೆ, ಅಥವಾ ಗಟ್ಟಿಯಾಗಿ ಕೂತಿರುತ್ತದೆ. ಎರಡೂ ಸಲ ಮಾತು ಸರಿಯಾಗಿ ಬರುವುದಿಲ್ಲ. ಒಂದು ಹಬ್ಬ, ಒಂದು ರಜೆ ಅಡ್ಡ ಬಂದರೆ ತಿಂಗಳು ಹೋಗಿ ಎರಡು ತಿಂಗಳಾಗುತ್ತದೆ.

ವಾರಕ್ಕೊಮ್ಮೆ ಅರ್ಧ ಗಂಟೆ ಹೊಸಬರಿಗೆ ಬಹಳ ಒಳ್ಳೆಯದು. ಹಳಬರಿಗೆ ಕೆಲವು ಸಲ ಅದೇ "ನನ್ನ ಮೇಲೆ ಕಣ್ಣಿಟ್ಟಿದ್ದಾರೆ" ಅನಿಸುತ್ತದೆ. ಇಂಟೆಲ್ ಕಂಪನಿಯನ್ನು ನಡೆಸಿದ ಆಂಡಿ ಗ್ರೋವ್ 1983ರಲ್ಲೇ ಈ ವಿಷಯವನ್ನು ವಿವರವಾಗಿ ಬರೆದರು. ಎಷ್ಟು ದಿನಕ್ಕೊಮ್ಮೆ ಕೂರಬೇಕು ಅನ್ನುವುದು ಆ ಮನುಷ್ಯನಿಗೆ ಆ ಕೆಲಸದಲ್ಲಿ ಎಷ್ಟು ಅನುಭವ ಇದೆ ಅನ್ನುವುದರ ಮೇಲೆ ನಿಲ್ಲುತ್ತದೆ ಅನ್ನುವುದು ಅವರ ಮಾತು. ಆ ಕೆಲಸದಲ್ಲಿ ಅನ್ನುವುದನ್ನು ಗಮನಿಸಿ. ಒಟ್ಟು ಸರ್ವೀಸ್ ಎಷ್ಟು ವರ್ಷ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಆ ದಿನ 20 ವರ್ಷ ಲೆಕ್ಕ ಬರೆದವರೂ ಹೊಸಬರಾದರು. ಅಂಥ ಹೊತ್ತಿನಲ್ಲಿ "ಅವರಿಗೆಲ್ಲಾ ಗೊತ್ತಿರುತ್ತೆ ಬಿಡಿ" ಅಂತ ಬಿಟ್ಟರೆ ಅವರು ಒಳಗೊಳಗೇ ಒದ್ದಾಡುತ್ತಾರೆ. ಹಿರಿಯರಾದ್ದರಿಂದ ಕೇಳುವುದಕ್ಕೂ ಸಂಕೋಚ. ಸ್ಟೋರ್‌ನಿಂದ ಡಿಸ್ಪ್ಯಾಚ್‌ಗೆ ಹಾಕಿದವರು, ಲೈನ್‌ನಿಂದ ಸೂಪರ್‌ವೈಸರ್ ಆದವರು, ಹೊಸ ಸಾಫ್ಟ್‌ವೇರ್ ಮೇಲೆ ಕೂತವರು, ಎಲ್ಲರದೂ ಇದೇ ಕಥೆ. ಅವರಿಗೆ ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ಇರಲಿ.

ಉಳಿದವರಿಗೆ 15 ದಿನಕ್ಕೊಮ್ಮೆ 45 ನಿಮಿಷ ಅನ್ನುವುದು ನನ್ನ ಆಯ್ಕೆ. ಗ್ರೋವ್ ಕನಿಷ್ಠ ಒಂದು ಗಂಟೆ ಬೇಕು ಅನ್ನುತ್ತಾರೆ, ಹೊತ್ತು ಕಡಿಮೆ ಇದ್ದರೆ ಜನ ಸಣ್ಣಪುಟ್ಟ ವಿಷಯ ಮಾತ್ರ ತರುತ್ತಾರೆ ಅಂತ. ಅದರಲ್ಲಿ ಸತ್ಯ ಇದೆ. ಆದರೆ ಆರು ಜನರ ಟೀಮ್ ಇದ್ದರೆ, 45 ನಿಮಿಷದ ಲೆಕ್ಕದಲ್ಲಿ 15 ದಿನಕ್ಕೆ ನಾಲ್ಕೂವರೆ ಗಂಟೆ ಆಗುತ್ತದೆ. ಸಣ್ಣ ಕಂಪನಿಯ ಮ್ಯಾನೇಜರ್ ತಾನೂ ಕೆಲಸ ಮಾಡುತ್ತಾ ಇದನ್ನು ಉಳಿಸಿಕೊಳ್ಳಬಹುದು. ದೊಡ್ಡದಾಗಿ ಶುರು ಮಾಡಿ ಮೂರನೇ ಸಲಕ್ಕೆ ನಿಲ್ಲಿಸುವುದಕ್ಕಿಂತ ಇದು ಮೇಲು. ಒಂದು ಕಿವಿಮಾತು: ಮೀಟಿಂಗ್ ಮುಗಿದ ಮೇಲಿನ ಕಾಲು ಗಂಟೆ ಖಾಲಿ ಇಟ್ಟುಕೊಳ್ಳಿ. ನಮ್ಮ ಜನ ನಿಜವಾದ ಮಾತನ್ನು ಏಳುವ ಹೊತ್ತಿಗೇ ತೆಗೆಯುತ್ತಾರೆ. ಕುರ್ಚಿ ಸರಿಸಿ ಎದ್ದು, ಬಾಗಿಲ ಹತ್ತಿರ ನಿಂತು, "ಇನ್ನೊಂದ್ ಮಾತಿತ್ರಿ ಸರ" ಅನ್ನುತ್ತಾರೆ. ಆಗ ನೀವು ಗಡಿಯಾರ ನೋಡಿದರೆ ಆ ಮಾತು ಮತ್ತೆ ಒಳಗೆ ಹೋಗುತ್ತದೆ.

ಫ್ಯಾಕ್ಟರಿ ಸೂಪರ್‌ವೈಸರ್ ಕೈಕೆಳಗೆ 25 ಜನ ಇದ್ದರೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ದಿನಕ್ಕೊಬ್ಬರು, 15 ನಿಮಿಷ. ತಿಂಗಳಲ್ಲಿ 25 ಕೆಲಸದ ದಿನ ಅಂದುಕೊಂಡರೂ ಎಲ್ಲರದೂ ಒಂದು ಸುತ್ತು ಆಗುತ್ತದೆ. ಕೆಲವರು ಇದರ ಬದಲು ಐದೈದು ಜನರನ್ನು ಒಟ್ಟಿಗೆ ಕೂರಿಸುತ್ತಾರೆ. ಐದು ಜನರ ಎದುರು ಯಾರೂ ತಮ್ಮ ಮೇಲೆ ಮಾತು ಬರುವ ವಿಷಯ ಎತ್ತುವುದಿಲ್ಲ. ಕುಡಿಯುವ ನೀರು, ಕ್ಯಾಂಟೀನ್, ಬಸ್ಸು ಇಂಥ ಎಲ್ಲರ ದೂರು ಕೇಳುವುದಕ್ಕೆ ಗುಂಪು ಸರಿ. ಒಬ್ಬರ ಮನಸ್ಸು ತಿಳಿಯುವುದಕ್ಕೆ ಅಲ್ಲ.

ದಿನ ಆರಿಸುವಾಗ ಊರಿನ ಲಯ ನೋಡಿ. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ವಹಿವಾಟಿನ ದಿನ. ಸುಗ್ಗಿಯ ಕಾಲದಲ್ಲಿ ಆ ಎರಡು ದಿನ ಅಂಗಡಿಯಲ್ಲಿ ಉಸಿರಾಡುವುದಕ್ಕೂ ಪುರುಸೊತ್ತಿರುವುದಿಲ್ಲ. ಅಲ್ಲಿ ಬುಧವಾರ ಇಟ್ಟುಕೊಳ್ಳಿ, ಸುಗ್ಗಿಯಲ್ಲಿ ಹತ್ತು ನಿಮಿಷಕ್ಕೆ ಇಳಿಸಿ, ಆದರೆ ಬಿಡಬೇಡಿ. ಅಕೌಂಟ್ಸ್‌ನವರಿಗೆ ತಿಂಗಳ ಜಿಎಸ್‌ಟಿ ರಿಟರ್ನ್‌ಗಳ 11 ಮತ್ತು 20ನೇ ತಾರೀಖಿನ ಹಿಂದಿನ ದಿನಗಳು ಬೇಡ. ಸಂಜೆ ಹೊತ್ತು ಯಾರಿಗೂ ಬೇಡ. ಧಾರವಾಡಕ್ಕೆ ಚಿಗರಿ ಬಸ್ ಹಿಡಿಯುವವರು ಹೇಗೋ ಮುಂದಿನ ಬಸ್ಸಿಗೆ ಹೋದಾರು. ಗದಗಿನಿಂದ ರೈಲಿನಲ್ಲಿ ಬಂದು ಹೋಗುವವರಿಗೆ ಒಂದು ಗಾಡಿ ತಪ್ಪಿದರೆ ಮನೆ ಸೇರುವುದು ರಾತ್ರಿ. ಐದೂವರೆಗೆ ಕೂರಿಸಿದರೆ ಅವರ ಕಿವಿ ನಿಮ್ಮ ಕಡೆ, ಮನಸ್ಸು ಸ್ಟೇಷನ್ ಕಡೆ. ಬೆಳಿಗ್ಗೆ ಹನ್ನೊಂದರ ಹೊತ್ತು, ಮೊದಲ ಗಡಿಬಿಡಿ ಮುಗಿದು ಚಹಾ ಕುಡಿದ ಮೇಲೆ, ಬಹುತೇಕ ಎಲ್ಲರಿಗೂ ಹೊಂದುತ್ತದೆ.

ರದ್ದು ಮಾಡುವುದು ಬೇರೆ, ಮುಂದೂಡುವುದು ಬೇರೆ. "ಇವತ್ತು ಆಗಲ್ಲ" ಅಂತ ಮಾತ್ರ ಹೇಳಿದರೆ ಅದು ರದ್ದು. "ಇವತ್ತು ಆಗಲ್ಲ, ನಾಳೆ ಹನ್ನೊಂದಕ್ಕೆ ಕೂರೋಣ" ಅಂದರೆ ಮುಂದೂಡಿದ್ದು. ಎದುರಿನವರು ಈ ವ್ಯತ್ಯಾಸವನ್ನು ಬಹಳ ಚೆನ್ನಾಗಿ ಲೆಕ್ಕ ಇಟ್ಟುಕೊಳ್ಳುತ್ತಾರೆ.

ಕ್ಯಾಬಿನ್, ಚಹಾದ ಅಂಗಡಿ, ಮಷೀನ್ ಪಕ್ಕ, ಫೋನ್

ಕ್ಯಾಬಿನ್ ಅನುಕೂಲದ್ದು, ಆದರೆ ಅನುಕೂಲ ಇರುವುದು ಮ್ಯಾನೇಜರ್‌ಗೆ. ನಡುವೆ ದೊಡ್ಡ ಟೇಬಲ್. ಫೋನ್ ಬಡಿಯುತ್ತದೆ. ಯಾರೋ ಬಾಗಿಲು ತೆಗೆದು "ಒಂದ್ ಸೈನ್ ಬೇಕಿತ್ರಿ" ಅನ್ನುತ್ತಾರೆ. ಬೇರೆ ಜಾಗವೇ ಇಲ್ಲ ಅಂದರೆ ಟೇಬಲ್ ಬಿಟ್ಟು ಈ ಕಡೆ ಬಂದು ಕೂರಿ. ಫೋನ್ ಡ್ರಾವರ್ ಒಳಗೆ ಇಡಿ. ಸೈನ್ ಕೇಳುವವರಿಗೆ ಮೊದಲೇ ಹೇಳಿಡಿ. ಇಷ್ಟು ಮಾಡಿದರೂ ಅರ್ಧ ಭಯ ಇಳಿಯುತ್ತದೆ.

ಚಹಾದ ಅಂಗಡಿ ಅಂದರೆ ನಮ್ಮವರಿಗೆ ಪ್ರೀತಿ. ಒಂದು ಪ್ಲೇಟ್ ಗಿರ್ಮಿಟ್, ಒಂದು ಕಟ್ ಚಹಾ ಇದ್ದರೆ ಮಾತು ತಾನಾಗಿ ಹರಿಯುತ್ತದೆ. ಹೊಸಬರ ಪರಿಚಯ ಮಾಡಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಹುಬ್ಬಳ್ಳಿ ಎಷ್ಟು ದೊಡ್ಡದಾದರೂ ಪಕ್ಕದ ಬೆಂಚಿನಲ್ಲಿ ಕೂತವರು ನಿಮ್ಮ ಆಫೀಸಿನ ಯಾರದೋ ಅಳಿಯ ಆಗಿರಬಹುದು. ಸಹೋದ್ಯೋಗಿಯ ಬಗ್ಗೆ ದೂರು, ಮನೆಯ ಕಷ್ಟ, ಸಂಬಳದ ಮಾತು ಅಲ್ಲಿ ಬರುವುದಿಲ್ಲ. ಬರಲೂ ಬಾರದು.

ಇಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹೆಣ್ಣುಮಕ್ಕಳನ್ನು "ಬರ್ರಿ, ಹೊರಗ ಚಹಾ ಕುಡ್ಕೋತ ಮಾತಾಡೂಣು" ಅಂತ ಕರೆದರೆ, ಎಷ್ಟೋ ಜನರಿಗೆ ಬೇಡ ಅನ್ನಲು ಆಗುವುದಿಲ್ಲ. ಎದುರಿಗಿರುವವರು ಸಾಹೇಬರು. ಊರಿನಲ್ಲಿ ನೋಡಿದವರು ಏನಂದುಕೊಳ್ಳುತ್ತಾರೋ ಅನ್ನುವ ಚಿಂತೆ ಅವರದು. ಅದಕ್ಕೆ ಕೆಲವು ಮ್ಯಾನೇಜರ್‌ಗಳು ಗಂಡಸರನ್ನು ಚಹಾಕ್ಕೆ ಕರೆದುಕೊಂಡು ಹೋಗುತ್ತಾರೆ, ಹೆಂಗಸರ ಜೊತೆ ಸೀಟಿನ ಹತ್ತಿರವೇ ನಿಂತು ಎರಡು ಮಾತಾಡಿ ಮುಗಿಸುತ್ತಾರೆ. ಮೇಲಿಂದ ನೋಡಿದರೆ ಮರ್ಯಾದೆಯ ಹಾಗೆ ಕಾಣುತ್ತದೆ. ನಡೆಯುವುದೇ ಬೇರೆ. ಯಾವ ಪ್ರಾಜೆಕ್ಟ್ ಬರುತ್ತಿದೆ, ಯಾವ ಜಾಗ ಖಾಲಿ ಆಗುತ್ತಿದೆ ಅನ್ನುವ ಸುದ್ದಿ ಎಲ್ಲಾ ಚಹಾದ ಬೆಂಚಿನಲ್ಲೇ ಹಂಚಿಹೋಗುತ್ತದೆ. ಅವರಿಗೆ ತಲುಪುವುದಿಲ್ಲ. ಪರಿಹಾರ ಕಷ್ಟದ್ದಲ್ಲ. ಗಾಜಿನ ಗೋಡೆಯ ಮೀಟಿಂಗ್ ರೂಮ್ ಇದ್ದರೆ ಎಲ್ಲರ ಜೊತೆಯೂ ಅಲ್ಲೇ ಕೂರಿ, ಗಂಡಸರ ಜೊತೆಯೂ. ಹೊರಗಿನವರಿಗೆ ಕಾಣಬೇಕು, ಕೇಳಿಸಬಾರದು. ಅಂಥ ರೂಮ್ ಇಲ್ಲದಿದ್ದರೆ ಊಟದ ಹೊತ್ತು ಕಳೆದ ಮೇಲಿನ ಖಾಲಿ ಕ್ಯಾಂಟೀನ್ ಆಗುತ್ತದೆ. ನನ್ನ ಅಳತೆಯಲ್ಲಿ ಎಲ್ಲಾ ಜಾಗಗಳಿಗಿಂತ ಮುಂದೆ ನಿಲ್ಲುವುದು ಹೀಗೆ ಕಾಣುವ, ಆದರೆ ಕೇಳಿಸದ ಜಾಗವೇ.

ನಡೆಯುತ್ತಾ ಮಾತಾಡುವುದು ಭಾರದ ವಿಷಯಗಳಿಗೆ ಒಳ್ಳೆಯದು. ಅಕ್ಕಪಕ್ಕ ನಡೆಯುವಾಗ ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲ, ನಡುವೆ ಸುಮ್ನೆ ಇದ್ದರೂ ಮುಜುಗರ ಇಲ್ಲ. ಆದರೆ ಬರೆದುಕೊಳ್ಳಲು ಆಗುವುದಿಲ್ಲ, ಏಪ್ರಿಲ್-ಮೇ ಬಿಸಿಲಿನಲ್ಲಿ ಮಧ್ಯಾಹ್ನ ಸಾಧ್ಯವೇ ಇಲ್ಲ. ಆಫೀಸಿನ ಆವರಣದಲ್ಲಿ, ಕೆಲಸದ ಹೊತ್ತಿನಲ್ಲೇ ನಡೆಯಿರಿ. "ಬೆಳಿಗ್ಗೆ ಉಣಕಲ್ ಕೆರೆಗೆ ವಾಕಿಂಗ್ ಬನ್ನಿ, ಅಲ್ಲೇ ಮಾತಾಡೋಣ" ಅನ್ನುವುದು ಅವರ ಸ್ವಂತ ಹೊತ್ತನ್ನು ಕಿತ್ತುಕೊಂಡ ಹಾಗೆ.

ಮಷೀನ್ ಪಕ್ಕದ ಮಾತು ಫ್ಯಾಕ್ಟರಿಯವರಿಗೆ, ಪ್ರೆಸ್‌ನವರಿಗೆ ಸಂಬಂಧಿಸಿದ್ದು. ಗದಗನ್ನು ಮುದ್ರಣ ಕಾಶಿ ಅನ್ನುತ್ತಾರೆ. ಅಲ್ಲಿ ಪ್ರೆಸ್ ಓಡುತ್ತಿರುವಾಗ ಹತ್ತಿರ ನಿಂತರೂ ಕೂಗಿ ಮಾತಾಡಬೇಕು. ಗುಟ್ಟಿನ ಮಾತು ದೂರವೇ ಉಳಿಯಿತು. ಆದರೂ ಈ ಜಾಗಕ್ಕೆ ಒಂದು ಬಲ ಇದೆ. ಕ್ಯಾಬಿನ್‌ನಲ್ಲಿ ಬಾಯಿ ಬಿಡದ ಆಪರೇಟರ್ ತನ್ನ ಮಷೀನ್ ಮುಂದೆ ನಿಂತರೆ ಬೇರೆಯೇ ಮನುಷ್ಯ. ಕೈ ಮಾಡಿ ತೋರಿಸುತ್ತಾನೆ: "ಇಲ್ಲಿ ನೋಡ್ರಿ, ಈ ರೋಲರ್ ಹಿಂಗ ತಿನ್ನಾಕತ್ತೈತಿ." ಮೊದಲ ಐದು ನಿಮಿಷ ಅಲ್ಲಿ ನಿಂತು ನೋಡಿ. ಉಳಿದ ಹತ್ತು ನಿಮಿಷ ಸ್ಟೋರ್ ರೂಮಿನ ಮೂಲೆಯಲ್ಲಿ ಎರಡು ಸ್ಟೂಲ್ ಹಾಕಿಕೊಂಡು ಕೂರಿ.

ಮ್ಯಾನೇಜರ್ ಬೆಂಗಳೂರಿನಲ್ಲಿ, ಕೆಲಸ ಮಾಡುವವರು ಹುಬ್ಬಳ್ಳಿಯ ಮನೆಯಲ್ಲಿ ಅನ್ನುವುದು ಈಗ ಮಾಮೂಲು. ವೀಡಿಯೊ ಒಳ್ಳೆಯದಾ, ಫೋನ್ ಒಳ್ಳೆಯದಾ? ಮುಖ ಕಂಡರೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಕೂಡು ಕುಟುಂಬದ ಮನೆಯಲ್ಲಿ ಹಿಂದೆ ಅತ್ತೆ ಓಡಾಡುತ್ತಿರುವಾಗ ಕ್ಯಾಮೆರಾ ಮುಂದೆ ಕೂತವರಿಗೆ ಹಾಗೆ ಅನಿಸುವುದಿಲ್ಲ. ಫೋನ್ ಆದರೆ ಟೆರೇಸ್ ಮೇಲೆ ಹೋಗಿ ಆರಾಮಾಗಿ ಮಾತಾಡುತ್ತಾರೆ. ಯಾವುದು ಬೇಕು ಅಂತ ಅವರನ್ನೇ ಕೇಳಿ. ಮೂರು ತಿಂಗಳಿಗೊಮ್ಮೆ ಎದುರುಬದುರು ಕೂರಿ. 2023ರ ಜೂನ್‌ನಿಂದ ಬೆಂಗಳೂರು-ಧಾರವಾಡ ವಂದೇ ಭಾರತ್ ರೈಲು ಓಡುತ್ತಿದೆ. ಪ್ರತಿ ಸಲ ಅವರನ್ನೇ ಬೆಂಗಳೂರಿಗೆ ಕರೆಸಬೇಡಿ. ನೀವು ಹತ್ತಿ ಬನ್ನಿ.

ಮಾತು ಯಾರು ಶುರು ಮಾಡಬೇಕು?

ಮೂರು ದಾರಿ ಇವೆ. ವಿಷಯದ ಪಟ್ಟಿ ಮ್ಯಾನೇಜರ್ ತರುವುದು, ಉದ್ಯೋಗಿ ತರುವುದು, ಇಬ್ಬರೂ ಸೇರಿ ಮಾಡುವುದು. ಮ್ಯಾನೇಜರ್ ತಂದರೆ ಅದು ಎರಡೇ ಸಲಕ್ಕೆ ವಿಚಾರಣೆ ಆಗುತ್ತದೆ. ಉದ್ಯೋಗಿಯೇ ತರಬೇಕು ಅನ್ನುವುದು ಗ್ರೋವ್ ಅವರ ಮಾತು, ನನ್ನದೂ ಅದೇ. ಆದರೆ "ನಿಮ್ಮ ಅಜೆಂಡಾ ತನ್ನಿ" ಅಂತ ಏಕಾಏಕಿ ಹೇಳಿದರೆ ಇಲ್ಲಿ ಬಹಳ ಜನ ಖಾಲಿ ಕೈಯಲ್ಲಿ ಬರುತ್ತಾರೆ. ಶಾಲೆಯಿಂದ ಹಿಡಿದು ಮೊದಲ ನೌಕರಿವರೆಗೆ ಯಾರೂ ಅವರನ್ನು ಹಾಗೆ ಕೇಳಿರುವುದಿಲ್ಲ. ಅದಕ್ಕೆ ಮೊದಲ ಮೂರು ಸಲ ಹಿಂದಿನ ದಿನವೇ ಎರಡು ಪ್ರಶ್ನೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ಆಮೇಲೆ ನಿಲ್ಲಿಸಿ. ಕೂತಾಗ ಅವರ ವಿಷಯ ಮೊದಲು, ನಿಮ್ಮದು ಕೊನೆಗೆ.

ಪ್ರಶ್ನೆಯಲ್ಲೇ ಬಹಳ ಇದೆ. ಇದು ಎಲ್ಲಾ ಕಡೆ ನಡೆಯುವ ಮಾತು:

"ಕೆಲಸ ಹ್ಯಾಂಗ ನಡದೈತಿ?"
"ಚಲೋ ನಡದೈತ್ರಿ."
"ಏನರ ತೊಂದ್ರಿ?"
"ಏನಿಲ್ರಿ."

ಎರಡು ನಿಮಿಷದಲ್ಲಿ ಮುಗಿಯಿತು. ಇಬ್ಬರಿಗೂ ಬಿಡುಗಡೆ. ಅದರ ಬದಲು ಹೀಗೆ ಕೇಳಿ ನೋಡಿ:

"ಈ ವಾರ ಯಾವ ಕೆಲಸ ಎರಡೆರಡು ಸಲ ಮಾಡಬೇಕಾತು?"
"ಡಿಸ್ಪ್ಯಾಚ್ ಲಿಸ್ಟ್ ರೀ. ಗೋಡೌನ್‌ನವರು ಒಂದು ಕಳಸ್ತಾರ, ಸೇಲ್ಸ್‌ನವರು ಇನ್ನೊಂದು ಕಳಸ್ತಾರ."
"ಎಷ್ಟು ದಿನದಿಂದ?"
"ದೀಪಾವಳಿಯಿಂದ ಹಿಂಗ ಐತ್ರಿ."

ಈಗ ಮ್ಯಾನೇಜರ್ ಬಾಯಿಗೆ ಒಂದು ಮಾತು ತಾನಾಗಿ ಬರುತ್ತದೆ: "ಅಲ್ಲಾ, ದೀಪಾವಳಿಯಿಂದ ಹಿಂಗ ಐತಿ, ನನಗ್ಯಾಕ ಹೇಳ್ಲಿಲ್ಲ?" ಆ ಮಾತನ್ನು ನುಂಗಿಕೊಳ್ಳಬೇಕು. ಕೆಟ್ಟ ಸುದ್ದಿ ಬಂದ ಕೂಡಲೇ ತಂದವರ ಮೇಲೆ ತಿರುಗಿದರೆ ಮುಂದಿನ ಸುದ್ದಿ ಇನ್ನೂ ತಡವಾಗಿ ಬರುತ್ತದೆ. "ಹೇಳಿದ್ದು ಚಲೋ ಆತು. ಎರಡು ಲಿಸ್ಟ್ ಬಂದಾಗ ಯಾವುದು ಖರೆ ಅಂತ ಹೆಂಗ ತಿಳಕೋತೀರಿ?" ಅನ್ನಿ. ಆಗ ಅವರು ಇಷ್ಟು ದಿನ ಒಬ್ಬರೇ ಏನೇನು ಮಾಡಿ ಕೆಲಸ ನಿಭಾಯಿಸಿದ್ದಾರೆ ಅನ್ನುವುದು ಗೊತ್ತಾಗುತ್ತದೆ. ಎಷ್ಟೋ ಸಲ ಪರಿಹಾರವೂ ಅವರ ಹತ್ತಿರವೇ ಇರುತ್ತದೆ.

ಕೇಳಿದ ಮೇಲೆ ಸುಮ್ಮನಿರುವುದನ್ನೂ ಕಲಿಯಬೇಕು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಏಳು, ಎಂಟಕ್ಕೆ ಅವರು ಬಾಯಿ ತೆರೆಯುತ್ತಾರೆ. ಭಾಷೆಯನ್ನೂ ಅವರಿಗೇ ಬಿಡಿ. ಇಂಗ್ಲಿಷ್‌ನಲ್ಲಿ "ಎವೆರಿಥಿಂಗ್ ಫೈನ್ ಸರ್" ಅನ್ನುವವರು ಕನ್ನಡಕ್ಕೆ ತಿರುಗಿದರೆ ಅರ್ಧ ಗಂಟೆ ಮಾತಾಡುತ್ತಾರೆ. ಮನೆಯಲ್ಲಿ ಉರ್ದು, ಮರಾಠಿ, ಕೊಂಕಣಿ ಆಡುವವರೂ ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ನಿಮಗೆ ಬಂದರೆ ಅದರಲ್ಲೇ ಮಾತಾಡಿ.

ವಯಸ್ಸಿನಲ್ಲಿ ದೊಡ್ಡವರು ಕೈಕೆಳಗೆ ಇದ್ದಾಗ

ನಮ್ಮ ಕಡೆ ಮನೆತನದ ವ್ಯಾಪಾರಗಳು ಬಹಳ. ಮಗ ಓದಿ ಬಂದು ಅಂಗಡಿಗೆ, ಫ್ಯಾಕ್ಟರಿಗೆ ಯಜಮಾನನಾಗುತ್ತಾನೆ. ಅವನನ್ನು ಎತ್ತಿ ಆಡಿಸಿದ ಕಾಕಾ ಅಲ್ಲೇ ಲೆಕ್ಕ ಬರೆಯುತ್ತಿರುತ್ತಾರೆ. ಅವರನ್ನು ಕ್ಯಾಬಿನ್‌ಗೆ ಕರೆಸಿ, ಎದುರಿನ ಕುರ್ಚಿಯಲ್ಲಿ ಕೂರಿಸಿ, "ನಿಮ್ಮ ಗುರಿ ಏನು?" ಅಂತ ಕೇಳಿದರೆ ಅವರಿಗೆ ಅವಮಾನ. ಹಾಗಂತ ಅವರನ್ನು ಸರದಿಯಿಂದ ಬಿಟ್ಟರೆ ಅದಕ್ಕಿಂತ ದೊಡ್ಡ ಅವಮಾನ, ಲೆಕ್ಕಕ್ಕೇ ಇಲ್ಲದ ಹಾಗೆ.

ಇಲ್ಲಿ ಎದ್ದು ಹೋಗಬೇಕಾದವರು ನೀವು. "ಕಾಕಾ, ನಿಮ್ಮ ಕಡೆ ಕುಂತು ಒಂದಿಷ್ಟು ಮಾತಾಡೂದಿತ್ತು, ಯಾವಾಗ ಬರಲಿ?" ಹೊತ್ತನ್ನು ಅವರೇ ಹೇಳಲಿ. ಮೀಟಿಂಗ್ ಅನ್ನುವ ಹೆಸರು ಬೇಡ. ಮೊದಲು ಅವರಿಗೆ ಗೊತ್ತಿರುವುದನ್ನು ಕೇಳಿ: ಯಾವ ಗಿರಾಕಿ ಉದ್ರಿ ಎಳೆಯುತ್ತಾರೆ, ಯಾವ ಹುಡುಗ ಲೆಕ್ಕದಲ್ಲಿ ಚುರುಕು. ಹಳೇ ಕಥೆ ಒಂದೆರಡು ಬರುತ್ತವೆ, ಬರಲಿ. ಆಮೇಲೆ ನಿಮ್ಮ ಕಠಿಣ ಮಾತು ಇದ್ದರೆ ಸುತ್ತಿ ಬಳಸದೆ ಹೇಳಿ. ಹಿರಿಯರಿಗೆ ನೇರ ಮಾತಿನಿಂದ ನೋವಾಗುವುದಿಲ್ಲ. ನಾಲ್ಕು ಜನರ ಎದುರು ಆಡಿದರೆ ಆಗುತ್ತದೆ.

ಇದಕ್ಕೆ ಉಲ್ಟಾ ಕಷ್ಟವೂ ಇದೆ. ಸಣ್ಣ ಟೀಮ್‌ಗಳಲ್ಲಿ ಹುಡುಗರು ಮ್ಯಾನೇಜರ್‌ನನ್ನು "ಅಣ್ಣಾ" ಅನ್ನುತ್ತಾರೆ. ಒಟ್ಟಿಗೆ ಊಟ, ಒಟ್ಟಿಗೆ ಕ್ರಿಕೆಟ್. ನಮಗೆ ಒನ್ ಟು ಒನ್ ಯಾಕೆ, ದಿನಾ ಮಾತಾಡುತ್ತೇವಲ್ಲ ಅನಿಸುತ್ತದೆ. ಬೇಕು. ಸಾಹೇಬರಿಗೆ ಆಗಲ್ಲ ಅನ್ನುವುದಕ್ಕಿಂತ ಅಣ್ಣನಿಗೆ ಆಗಲ್ಲ ಅನ್ನುವುದು ಕಷ್ಟ. ಅದನ್ನು ಹೇಳುವುದಕ್ಕೇ ಒಂದು ಹೊತ್ತು, ಒಂದು ಜಾಗ ಇರಬೇಕು.

ಬರೆದುಕೊಳ್ಳಬೇಕಾ?

ಬರೆದುಕೊಳ್ಳಬೇಕು, ಆದರೆ ಲ್ಯಾಪ್‌ಟಾಪ್‌ನಲ್ಲಿ ಬೇಡ. ಅದರ ಪರದೆ ನಡುವೆ ಗೋಡೆಯಾಗುತ್ತದೆ, ನೀವು ಏನು ಟೈಪ್ ಮಾಡುತ್ತಿದ್ದೀರಿ ಅನ್ನುವುದೇ ಅವರ ಯೋಚನೆಯಾಗುತ್ತದೆ. ಇಬ್ಬರೂ ತೆರೆದು ನೋಡಬಹುದಾದ ಗೂಗಲ್ ಡಾಕ್ ಸಾಫ್ಟ್‌ವೇರ್ ಟೀಮ್‌ಗೆ ಸರಿ. ಉಳಿದ ಕಡೆ ಸಣ್ಣ ನೋಟ್‌ಬುಕ್ ಸಾಕು. ಯಾರು, ಏನು, ಯಾವಾಗಿನೊಳಗೆ, ಇಷ್ಟೇ ಬರೆಯಿರಿ. ಬರೆಯುವಾಗ ಜೋರಾಗಿ ಓದಿ. ಮನೆಯ ವಿಷಯ, ಆರೋಗ್ಯದ ವಿಷಯ ಬಂದರೆ ಪೆನ್ನು ಕೆಳಗಿಡಿ. ಸಂಜೆಯೊಳಗೆ ಎರಡು ಸಾಲಿನ ಮೆಸೇಜ್ ಕಳಿಸಿ. ರೆಕಾರ್ಡಿಂಗ್ ಅಂತೂ ಬೇಡವೇ ಬೇಡ. ಮುಂದಿನ ಸಲ ಕೂತಾಗ ಮೊದಲು ನಿಮ್ಮ ಕೆಲಸ ಏನಾಯಿತು ಅಂತ ನೀವು ಹೇಳಿ: "ಎರಡು ಲಿಸ್ಟ್ ಬಗ್ಗೆ ಸೇಲ್ಸ್‌ನವರ ಜೊತೆ ಮಾತಾಡಿದೆ, ಸೋಮವಾರದಿಂದ ಒಂದೇ ಬರುತ್ತದೆ." ಆಗಿಲ್ಲದಿದ್ದರೆ ಆಗಿಲ್ಲ ಅನ್ನಿ, ಕಾರಣ ಹೇಳಿ.

ಸಂಬಳ, ಇಂಕ್ರಿಮೆಂಟ್, ಅಪ್ರೈಸಲ್ ಇದರಲ್ಲಿ ಸೇರಿಸಬೇಡಿ. ಅವಕ್ಕೆ ಬೇರೆ ದಿನ ಇಡಿ. ದುಡ್ಡಿನ ಮಾತು ಬಂದ ಕೂಡಲೇ ಉಳಿದ ಮಾತುಗಳಿಗೆಲ್ಲಾ ಬೆಲೆ ಕಟ್ಟುವುದು ಶುರುವಾಗುತ್ತದೆ, ತಪ್ಪು ಒಪ್ಪಿಕೊಳ್ಳುವುದಕ್ಕೆ ಯಾರೂ ತಯಾರಿರುವುದಿಲ್ಲ. ಅವರೇ ಎತ್ತಿದರೆ ತಳ್ಳಿಹಾಕಬೇಡಿ, ಅಲ್ಲೇ ಇನ್ನೊಂದು ತಾರೀಖು ಕೊಡಿ.

ಗುಟ್ಟಿನ ಬಗ್ಗೆ ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು. ಇಲ್ಲಿ ಆಡಿದ್ದು ಇಲ್ಲೇ ಇರುತ್ತದೆ, ಆದರೆ ಯಾರದಾದರೂ ಜೀವಕ್ಕೆ ಅಪಾಯ, ಕಳ್ಳತನ, ಕಿರುಕುಳ ಇಂಥದ್ದಾದರೆ ನಾನು ಸುಮ್ಮನಿರಲು ಆಗುವುದಿಲ್ಲ ಅಂತ. ಹೆಣ್ಣುಮಗಳೊಬ್ಬಳು ಲೈಂಗಿಕ ಕಿರುಕುಳದ ವಿಷಯ ಹೇಳಿದರೆ ಅದನ್ನು ಅಲ್ಲೇ ಕೂತು "ಸಮಾಧಾನ" ಮಾಡಿ ಮುಗಿಸುವ ಅಧಿಕಾರ ಮ್ಯಾನೇಜರ್‌ಗೆ ಇಲ್ಲ. 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು, ದೂರು ಅಲ್ಲಿಗೆ ಹೋಗಬೇಕು. ಹತ್ತಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ದಾರಿ ಇದೆ ಅಂತ ಅವಳಿಗೆ ತಿಳಿಸಿ, ದೂರು ಬರೆಯಲು ಸಹಾಯ ಬೇಕಾದರೆ ಮಾಡಿ.

ಎಷ್ಟು ಸಲ ಕೂತರೂ ಬಾಯಿ ಬಿಡದವರು

ಇರುತ್ತಾರೆ. ಅವರ ಜೊತೆ ಜಾಗ ಬದಲಿಸಿ ನೋಡಿ, ಕೂತು ಆಗದ್ದು ನಡೆಯುತ್ತಾ ಆಗಬಹುದು. ಅಥವಾ ಸುಮ್ನೆ ಮಾತಾಡುವ ಬದಲು ಒಂದು ಕೆಲಸವನ್ನು ಇಬ್ಬರೂ ಸೇರಿ ಮಾಡಿ. ಸ್ಟಾಕ್ ಎಣಿಸುವುದು, ಹಳೇ ಬಿಲ್ ಹೊಂದಿಸುವುದು, ಏನಾದರೂ ಸರಿ. ಕೈಗೆ ಕೆಲಸ ಇದ್ದರೆ ಬಾಯಿ ಸಡಿಲವಾಗುತ್ತದೆ. ನಿಮ್ಮ ಮೇಲಿನವರು ಆರು ತಿಂಗಳಿಗೊಮ್ಮೆ ಅವರ ಜೊತೆ ಕೂರುವುದೂ ಒಂದು ದಾರಿ, ಕಷ್ಟ ನೀವೇ ಆಗಿದ್ದರೆ ಅದನ್ನು ನಿಮ್ಮ ಎದುರು ಹೇಗೆ ಹೇಳಿಯಾರು? ಆದರೆ ನಿಮಗೆ ತಿಳಿಸಿ, ಅವರಿಗೂ ತಿಳಿಸಿ ಮಾಡಬೇಕು. ಹಿಂದಿನಿಂದ ಮಾಡಿದರೆ ಅದು ಬೇಹುಗಾರಿಕೆ ಅನಿಸುತ್ತದೆ.

ಇದಕ್ಕೆಲ್ಲಾ ಮೊದಲು ನಿಮ್ಮ ನೋಟ್‌ಬುಕ್ ತಿರುವಿ ಹಾಕಿ. ಅವರು ಕೊನೆಯ ಸಲ ಹೇಳಿದ ತೊಂದರೆ ಯಾವುದು? ಪ್ಯಾಕಿಂಗ್ ರೂಮಿನ ಫ್ಯಾನ್ ಕೆಟ್ಟಿದೆ ಅಂದಿದ್ದರಾ? ರಾತ್ರಿ ಶಿಫ್ಟ್ ಮುಗಿದ ಮೇಲೆ ಮನೆಗೆ ಹೋಗಲು ಗಾಡಿ ಸಿಗುವುದಿಲ್ಲ ಅಂದಿದ್ದರಾ? ಅದು ಇನ್ನೂ ಹಾಗೇ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ, ಆಯಿತು ಅಂತ ಅವರಿಗೆ ಖುದ್ದು ಹೋಗಿ ಹೇಳಿ, ಆಮೇಲೆ ಮುಂದಿನ ತಾರೀಖು ಕೇಳಿ.